ಮಡಚಿದ ತೋಳಿನ ಕೋಟು

೧೯೩೮ನೇ ಇಸವಿ ಆಗಸ್ಟ್ ಒಂದನೇ ತಾರೀಖು, ಸೋಮವಾರ ಬೆಳಗಿನ ಹೊತ್ತು. ಹೊಸಪೇಟೆ ಠಾಣೆಯ ಅಂಗಳಕ್ಕೆ ಹೊಡೆದ ನೀರು ಇನ್ನೂ ಆರಿರಲಿಲ್ಲ. ಒಬ್ಬ ತರುಣ ಬಂದು ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತ. ಪಂಚೆಯ ಮೇಲೆ ಅಂಗಿ, ತಲೆಗೆ ರುಮಾಲು, ಕೈಯಲ್ಲಿ ಒಂದು ಬಾಡಿದ ನಿಂಬೆಹಣ್ಣು.

"ಏನು ಕಳುವಾತು?" ಎಂದು ಹೆಡ್ ಕಾನ್‌ಸ್ಟೇಬಲ್ ಗಾದಿಲಿಂಗಪ್ಪ ಕೇಳಿದ. ಬೆಳ್ಳಂಬೆಳಗ್ಗೆ ಬರುವವರೆಲ್ಲ ಕಳುವಿನವರೇ ಎಂಬುದು ಅವನ ಅನುಭವ.

"ಕಾಲೇಜಿನ ಸೀಟು ರಿ."

"ಎತ್ತು ಕಳಕೊಂಡವರನ್ನ ಕಂಡೀನಿ, ಹೆಂಡ್ತಿ ಕಳಕೊಂಡವರನ್ನ ಕಂಡೀನಿ. ಇದು ಹೊಸದು ನೋಡಪಾ. ಸಾಹೇಬ್ರು ಒಳಗದಾರ, ನಡಿ."

ಒಳಗೆ ಸಬ್ ಇನ್ಸ್‌ಪೆಕ್ಟರ್ ಕಮಲಾಕರರಾಯರು ಕೂತಿದ್ದರು. ಎತ್ತರದ ಆಳು. ಇದೇ ಊರಿನಲ್ಲಿ ಓದಿ, ಪೊಲೀಸು ಸೇರಿ, ಸುತ್ತಿ ಸುತ್ತಿ ಮತ್ತೆ ಇದೇ ಊರಿಗೆ ಬಂದಿದ್ದರು.

"ಹೆಸರು?"

"ಗವಿಸಿದ್ದಪ್ಪ ರಿ. ಕಂಪ್ಲಿ ಹತ್ರ ರಾಮಸಾಗರ, ಕುರಿಯವರ ಮನಿ."

"ಏನು ಮಾಡ್ಕೊಂಡಿದಿ?"

"ಬಿ.ಎ. ಆಗೈತ್ರಿ, ಅನಂತಪುರದಾಗ."

ರಾಯರು ತಲೆ ಎತ್ತಿದರು. ಬಿ.ಎ. ಆದವನನ್ನು ಕುರಿ ಕಾಯುವವನಂತೆ ಮಾತಾಡಿಸಿಬಿಟ್ಟೆ ಅನ್ನಿಸಿತು. ಆದರೆ ಶುರು ಮಾಡಿದ ಏಕವಚನ ಬದಲಿಸಲಿಲ್ಲ, ಕೂರು ಎಂದೂ ಹೇಳಲಿಲ್ಲ.

ಗವಿಸಿದ್ದಪ್ಪ ನಿಂತುಕೊಂಡೇ ಹೇಳಿದ. ಮದರಾಸಿನ ಒಂದು ಕಾಲೇಜಿನಲ್ಲಿ ಬಿ.ಎ. ಆದವರನ್ನು ಮಾಸ್ತರಿಕೆಗೆ ತಯಾರು ಮಾಡುವ ಎಲ್.ಟಿ. ತರಗತಿ. ಮೊದಲೆಲ್ಲ ಯಾರದೋ ಶಿಫಾರಸು, ಯಾರದೋ ಮಾತು, ಅದರ ಮೇಲೆ ಸೀಟು. ಈ ವರ್ಷ ಕಾಲೇಜಿನವರು ಪದ್ಧತಿ ಬದಲಿಸಿದರು. ಎಲ್ಲ ಜಿಲ್ಲೆಗಳಲ್ಲೂ ಒಂದೇ ದಿನ ಪರೀಕ್ಷೆ, ಎಲ್ಲರಿಗೂ ಒಂದೇ ಅಚ್ಚಿನ ಪ್ರಶ್ನೆಪತ್ರಿಕೆ. ಯಾರ ಮಗ ಎಂದು ಕೇಳುವುದಿಲ್ಲ, ಬರೆದದ್ದಕ್ಕೆ ಅಂಕ. ಬಳ್ಳಾರಿ ಜಿಲ್ಲೆಗೂ ಸಂಡೂರು ಸಂಸ್ಥಾನಕ್ಕೂ ಸೇರಿ ಒಂದು ಸೀಟು. ಜುಲೈ ಒಂಬತ್ತರಂದು ಹೊಸಪೇಟೆಯ ಶಾಲೆಯೊಂದರಲ್ಲಿ ಪರೀಕ್ಷೆ ಆಯಿತು. ಸಂಡೂರಿನ ಪುರಂದರರಾಯ ಮೊದಲು ಬಂದ. ಗವಿಸಿದ್ದಪ್ಪ ಎರಡನೆಯವನು.

"ಅಂದ್ರ ನೀ ಸೋತಿ. ಠಾಣೆಗೆ ಯಾಕ ಬಂದಿ?"

"ಮೊದಲು ಬಂದವರು ನನ್ನ ಮಗ್ಗಲ ಬೆಂಚಿನಾಗ ಕುಂತಿದ್ರು ರಿ. ಹಾಜರಿ ಕೂಗಿದಾಗ ಆ ಹೆಸರಿಗೆ ಅವರ ಎದ್ದಿದ್ರು. ಅವರ ದೌತಿಯೊಳಗ ಮಸಿ ಮುಗದಿತ್ತು, ನಾನ ಕೊಟ್ಟೆ. ಭಾಳ ಚಲೋ ಮನುಷ್ಯ ಅನ್ನಿಸ್ತು. ಗೆದ್ದಾರ, ಒಂದು ನಿಂಬೆಹಣ್ಣು ಕೊಟ್ಟು ಕೈ ಮುಗದು ಬರೋಣ ಅಂತ ನಿನ್ನೆ ಸಂಡೂರಿಗೆ ಹೋದೆ. ಪುರಂದರರಾಯರು ಅಂತ ಹೊರಗ ಬಂದವರು ಬ್ಯಾರೆ ಮನುಷ್ಯ ರಿ."

"ಒಂದ ದಿನ ನೋಡಿದ ಮುಖ ಮರತಿರತದ."

"ಮಸಿ ಕೊಟ್ಟವನಿಗೆ ಮರೀತೈತೇನ್ರಿ? ಅಲ್ಲದ, ಬರದವರ ಬಲಗೈಗೆ, ಮೊಣಕೈ ಕೆಳಗ, ಚಕ್ರ ಸುಟ್ಟ ಗುರುತಿತ್ತು. ಇನ್ನಾ ಹಸಿ. ಕೈ ಮೇಜಿಗೆ ತಾಗಿದಾಗೊಮ್ಮೆ ಮುಖ ಕಿವುಚ್ತಿದ್ರು."

ರಾಯರಿಗೆ ನಗು ಬಂತು. ತಮ್ಮ ಖಾಕಿ ತೋಳನ್ನು ಮೇಲೆ ಸರಿಸಿ ತೋರಿಸಿದರು. ಅಲ್ಲಿಯೂ ಚಕ್ರವಿತ್ತು. ಪರೀಕ್ಷೆಯ ಹಿಂದಿನ ದಿನ ಆಷಾಢದ ಏಕಾದಶಿ. ಹಂಪಿಯಲ್ಲಿ ಹೊಳೆಯ ದಂಡೆಗೆ ಬಿಡಾರ ಮಾಡಿದ್ದ ಸ್ವಾಮಿಗಳು ಶಂಖ ಚಕ್ರಗಳನ್ನು ಬೆಂಕಿಯಲ್ಲಿ ಕಾಯಿಸಿ ಭಕ್ತರ ತೋಳಿಗೆ ಒತ್ತಿದ್ದರು. ಸುತ್ತಲ ವೈಷ್ಣವರೆಲ್ಲ ಸಾಲು ನಿಂತಿದ್ದರು. ಕಂಪ್ಲಿಯ ಮಾಸ್ತರ ವೆಂಕೋಬ, ರಾಯರ ಸಹಪಾಠಿ, ಅವರ ಮುಂದೆಯೇ ನಿಂತಿದ್ದ. ಮಾರನೆಯ ಬೆಳಗ್ಗೆ ಉಪವಾಸ ಬಿಡುವ ಊಟವನ್ನೂ ಅವರ ಮನೆಯಲ್ಲೇ ಮಾಡಿ ಹೋಗಿದ್ದ.

"ಇಂಥಾ ಗುರುತಿನ ಮ್ಯಾಲ ಹಿಡಿಯೋದಾದ್ರ ಮೊದಲು ನನ್ನ ಹಿಡೀಬೇಕು. ಆ ಪುರಂದರ ನನ್ನ ಗೆಳೆಯನ ತಂಗಿ ಗಂಡ. ವೈಶಾಖದಾಗ ನಾನ ಹೋಗಿ ಉಂಡು ಬಂದ ಮದುವಿ. ಒಂದು ಕಾಸು ವರದಕ್ಷಿಣೆ ಮುಟ್ಟದ ಮಂದಿ ಅವರು. ಹೊಟ್ಟಿಕಿಚ್ಚಿಗೆ ಮರ್ಯಾದಸ್ತರ ಮನಿ ಬಾಗಿಲಿಗೆ ಪೊಲೀಸ್ರನ್ನ ಕಳಸಬ್ಯಾಡ. ಹೋಗು."

"ಹದಿನಾರಕ್ಕ ತರಗತಿ ಶುರುವಾಗತೈತ್ರಿ. ಅಷ್ಟರಾಗ..."

"ಹೋಗು ಅಂದೆ."

ಗವಿಸಿದ್ದಪ್ಪ ಹೊರಗೆ ಬಂದ. ಆದರೆ ಊರಿಗೆ ಹೋಗಲಿಲ್ಲ. ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ಕೂತ. ಮಂಗಳವಾರವೂ ಬಂದು ಕೂತ, ಬುಧವಾರವೂ. ಜಗಳವಿಲ್ಲ, ಗೋಗರೆಯುವುದಿಲ್ಲ. ರಾಯರು ಬಂದಾಗ ಎದ್ದು ನಿಲ್ಲುವನು, ಹೋದಾಗ ಎದ್ದು ನಿಲ್ಲುವನು.

ಬುಧವಾರ ಸಂಜೆ ಗಾದಿಲಿಂಗಪ್ಪ ಚಹಾದ ಲೋಟ ಮೇಜಿನ ಮೇಲಿಟ್ಟು ಅಲ್ಲೇ ನಿಂತ.

"ಏನು?"

"ಏನಿಲ್ರಿ. ಕಳ್ಳರು ಪೊಲೀಸ್ರಿಗೆ ಎದ್ದು ನಿಲ್ಲೋದು ನೋಡೀನಿ. ಕಳಕೊಂಡವ ದಿನಾ ಹಿಂಗ ಎದ್ದು ನಿಂತ್ರ ನನಗ ಒಂಥರಾ ಆಗತೈತ್ರಿ."

"ನಿಂಗ ಒಂಥರಾ ಆದ್ರ ಕಾಯ್ದೆ ಬದಲಾಗತದೇನು?"

"ಕಾಯ್ದೆ ಬ್ಯಾಡ್ರಿ. ಒಮ್ಮೆ ಸಂಡೂರು ನೋಡಿ ಬಂದ್ರ ಏನು ಸವೀತೈತ್ರಿ?"

ಗುರುವಾರ ರಾಯರು ರೈಲಿನಿಂದ ಯಶವಂತನಗರದಲ್ಲಿಳಿದು, ಅದಿರಿನ ಕೆಂಪು ದೂಳು ಮೆತ್ತಿಕೊಂಡ ಜಟಕಾ ಹಿಡಿದು ಸಂಡೂರಿಗೆ ಹೋದರು. ಸಂಡೂರು ಬೇರೆ ಸಂಸ್ಥಾನ. ಹೊಸಪೇಟೆ ಪೊಲೀಸರ ಅಧಿಕಾರ ಗಡಿಯ ಈಚೆಗೇ ನಿಲ್ಲುತ್ತಿತ್ತು. ತನಿಖೆ ಎಂದು ಹೋಗುವಂತಿಲ್ಲ, ಪರಿಚಯದವರು ಎಂದು ಹೋಗಬಹುದು ಅಷ್ಟೇ. ಆ ಹುಡುಗನ ಬಾಯಿ ಮುಚ್ಚಿಸಿದರೆ ಸಾಕು ಎಂಬುದು ಅವರ ಮನಸ್ಸಿನಲ್ಲಿತ್ತು.

ಪುರಂದರನ ತಂದೆ ಜಯತೀರ್ಥರಾಯರದು ದೊಡ್ಡ ಮನೆ. ಬೀಗರ ಕಡೆಯ ಗೆಳೆಯ ಎಂದು ಬಾಗಿಲಿಗೇ ಬಂದು ಕರೆದರು. ಕೈಕಾಲಿಗೆ ನೀರು ಕೊಟ್ಟರು. ರಾಯರು ತೋಳು ಮೇಲೆ ಸರಿಸಿ ಕೈ ತೊಳೆಯುವಾಗ ಜಯತೀರ್ಥರಾಯರ ಕಣ್ಣು ಚಕ್ರದ ಗುರುತಿನ ಮೇಲೆ ಬಿತ್ತು.

"ಓಹೋ, ನಿಮಗ ಈ ವರ್ಷ ಮುದ್ರಿ ಆತೇನು? ಪುಣ್ಯವಂತರು. ನಮಗ ತಪ್ಪಿತು ನೋಡ್ರಿ. ದಶಮಿ ದಿನ ನಮ್ಮ ದಾಯಾದಿಗಳೊಬ್ಬರು ತೀರಿಕೊಂಡ್ರು. ಮನಿ ಮಂದಿಗೆಲ್ಲ ಸೂತಕ. ಸೂತಕದೊಳಗ ಮುದ್ರಿ ಎಲ್ಲಿಂದ ಬಂತು?"

ರಾಯರ ಕೈ ನೀರಿನಲ್ಲೇ ನಿಂತಿತು.

"ಪುರಂದರಗೂ ಆಗಲಿಲ್ಲೇನ್ರಿ?"

"ಅವನೇನು ಬ್ಯಾರೆ ಮನಿಯವನೇ? ಈ ಮನಿಯೊಳಗ ಯಾರಿಗೂ ಆಗಲಿಲ್ಲ."

ಒಬ್ಬ ವೈಷ್ಣವ ಇನ್ನೊಬ್ಬನ ತೋಳು ನೋಡಿ ಆಡುವ ಮಾತು. ಯಾವ ವಕೀಲ ಕೇಳಿದ್ದರೂ ಆ ಹಿರಿಯರು ಅದನ್ನು ಬಾಯಿ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಪುರಂದರ ತಾಂಬೂಲದ ತಟ್ಟೆ ತಂದ. ಅವನ ಮುಂಗೈ ನುಣ್ಣಗಿತ್ತು.

"ಪರೀಕ್ಷಾ ಹೆಂಗಿತ್ತಪಾ?" ರಾಯರು ಕೇಳಿದರು.

"ಚಲೋ ಇತ್ತು."

"ಮಗ್ಗಲ ಬೆಂಚಿನಾಗ ಯಾರು ಕೂತಿದ್ದರು?"

ಪುರಂದರ ತಂದೆಯ ಮುಖ ನೋಡಿದ. ಜಯತೀರ್ಥರಾಯರ ನಗು ಅರ್ಧಕ್ಕೆ ನಿಂತಿತು.

"ಊಟಕ್ಕ ಬಂದವರು ಊಟದ ಮಾತು ಆಡಬೇಕು. ಇದು ಸಂಡೂರು, ರಾಯರ. ನಿಮ್ಮ ಟೋಪಿ ಇಲ್ಲಿ ಬಿಸಿಲಿಗೆ ಅಷ್ಟ."

"ನಿಜ," ಎಂದು ರಾಯರು ಎದ್ದರು. ಬಾಗಿಲ ಹತ್ತಿರ ನಿಂತು ಕೇಳಿದರು. "ಸೊಸಿ ಕಾಣಲಿಲ್ಲ?"

"ತವರಿನಾಗ ಇದ್ದಾಳ. ಆಷಾಢ ಅಲ್ಲೇನು?"

"ಆಷಾಢ ಮುಗದು ವಾರ ಆತು."

"ಸೀಟು ಕೈಗೆ ಬರಲಿ. ಆಮ್ಯಾಲ ಕರಕೊಂಬರೋದು."

ಯಶವಂತನಗರದ ಕಟ್ಟೆಯ ಮೇಲೆ ರೈಲಿಗೆ ಕಾಯುತ್ತ ರಾಯರು ಅತ್ತಿಂದಿತ್ತ ನಡೆದರು. ಪುರಂದರನ ಹೆಸರಿನಲ್ಲಿ ಬರೆಯುವಷ್ಟು ಓದಿದವನು, ಬರೆಯಬೇಕಾದವನು, ಆ ದಿನ ಹಸಿ ಮುದ್ರೆ ಹೊತ್ತವನು ಯಾರು ಎಂಬುದು ಮನಸ್ಸಿಗೆ ಬರುತ್ತಿತ್ತು. ಬಂದದ್ದನ್ನು ಅವರು ಆಚೆ ತಳ್ಳುತ್ತಿದ್ದರು.

ಶುಕ್ರವಾರ ಬೆಳಗ್ಗೆ ಬೇವಿನ ಗಿಡದ ಕೆಳಗಿದ್ದ ಗವಿಸಿದ್ದಪ್ಪನನ್ನು ರಾಯರು ತಾವೇ ಹೋಗಿ ಕರೆದರು.

"ಒಳಗ ಬರ್ರಿ. ಕುಂದ್ರಿ."

ಗಾದಿಲಿಂಗಪ್ಪ ಆ ಬಹುವಚನ ಕೇಳಿ ಕಲಮು ಮಸಿಗೆ ಅದ್ದಿದ. ಇಂಡಿಯನ್ ಪೀನಲ್ ಕೋಡಿನ ೪೧೯ನೇ ಕಲಮಿನ ಕೆಳಗೆ, ಬೇರೊಬ್ಬನೆಂದು ನಟಿಸಿ ಮೋಸ ಮಾಡಿದ ಬಗ್ಗೆ, ಎಫ್.ಐ.ಆರ್. ದಾಖಲಾಯಿತು. ಆಮೇಲೆ ಹೇಳಿಕೆ.

"ಬರದವರ ಎತ್ತರ?"

"ಗಿಡ್ಡರು ರಿ. ನನ್ನ ಭುಜಕ್ಕ ಬರ್ತಿದ್ರು."

"ಮೈಮ್ಯಾಲ?"

"ಕರಿ ಅಲ್ಪಾಕ ಕೋಟು. ಅವರದಲ್ಲ ಅನ್ನಿಸ್ತಿತ್ರಿ. ತೋಳು ಉದ್ದ, ಬೆರಳು ಮುಚ್ಚತಿದ್ವು. ಅದಕ್ಕ ಎರಡು ಮಡಿಕಿ ಮೇಲಕ್ಕ ಮಡಚಿದ್ರು. ಹಂಗ ಮಡಚಿದ್ದಕ್ಕ ಆ ಗುರುತು ನನಗ ಕಂಡದ್ದು."

"ಇನ್ನೇನು ಕಂಡಿತು?"

ಗವಿಸಿದ್ದಪ್ಪ ಸ್ವಲ್ಪ ನಕ್ಕ. "ತೋಳಿನ ಒಳಗಡೆ ಅಸ್ತರು ಹರದಿತ್ತೇನೋ, ಕುಬಸದ ಖಣ ಹಚ್ಚಿ ಹೊಲದಿದ್ರು ರಿ. ಕುಂಕುಮದ ಬಣ್ಣದ್ದು. ಗಂಡಸರ ಕೋಟಿನಾಗ ಕುಬಸದ ಖಣ ಯಾಕ ಬಂತು ಅಂತ ನಗು ಬಂದಿತ್ತು."

ಗಾದಿಲಿಂಗಪ್ಪ ಬರೆದು ಮುಗಿಸಿ, ಮುಂದಿನ ಪ್ರಶ್ನೆಗೆ ಕಾದು, ತಲೆ ಎತ್ತಿ ನೋಡಿದ. ಸಾಹೇಬರು ಕುರ್ಚಿ ಬಿಟ್ಟು ಎದ್ದಿದ್ದರು.

"ಬರಕೊಂಡಿಯೇನು?"

"ಹೌದ್ರಿ."

"ಓದಿ ಹೇಳು."

ಓದಿದ. ರಾಯರು ಬಾಗಿಲ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದರು. "ಗಾದಿಲಿಂಗಪ್ಪಾ, ಇಬ್ಬರು ಪಂಚರನ್ನ ಕರಕೋ. ಕೋಟು ಜಪ್ತಿ ಮಾಡಬೇಕು."

"ಎಲ್ಲಿ ರಿ?"

"ನಮ್ಮ ಮನಿಯಾಗ."

ರಾಯರ ಮನೆಯಿದ್ದ ಚಿತ್ತವಾಡ್ಗಿಯ ಎಲೆಅಡಿಕೆ ಅಂಗಡಿಯ ಮೂಕಣ್ಣ, ದರ್ಜಿ ಗಾಳೆಪ್ಪ, ಇಬ್ಬರು ಪಂಚರು. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ರಾಯರು ತಮ್ಮ ಮನೆಯ ಒಳಗೆ ಹೋಗಲಿಲ್ಲ. ಸಾಕ್ಷಿಯಾದವನು ಜಪ್ತಿ ಮಾಡಬಾರದೆಂದು ಕಟ್ಟೆಯ ಮೇಲೆ ನಿಂತರು. ಗಾದಿಲಿಂಗಪ್ಪ ಹೊಸ್ತಿಲ ಹತ್ತಿರ ಕಾಲು ಒರೆಸಿದ, ಮತ್ತೆ ಒರೆಸಿದ.

"ಸಾಹೇಬ್ರ, ಒಳಗ ಬರಬೌದೇನ್ರಿ?"

"ಹಂಗ ಕೇಳಬಾರದು. ಝಡತಿಗೆ, ಮನಿ ಶೋಧಕ್ಕ ಬಂದೀನಿ ಅನ್ನಬೇಕು."

"ಬಾಯಿಗೆ ಬರವಲ್ದು ರಿ."

ರಾಯರ ಹೆಂಡತಿ ಲಕ್ಷ್ಮೀಬಾಯಿ ತಾವೇ ಟ್ರಂಕು ತೆಗೆದು ಕೋಟು ತಂದರು. ಗಾಳೆಪ್ಪ ಬಲತೋಳನ್ನು ಒಳಮಗ್ಗಲಾಗಿ ತಿರುವಿದ. ಕುಂಕುಮದ ಬಣ್ಣದ ಖಣ. ಅದರ ಮೇಲೆ ಒಂದು ಮಸಿಯ ಕಲೆ. ಮಡಿಕೆಯ ಗೆರೆಗಳು ಇನ್ನೂ ಕಾಣುತ್ತಿದ್ದವು.

"ಈ ಹೊಲಿಗಿ ಯಾರದ್ರಿ, ಅಮ್ಮಾರ?"

"ನಂದ. ನನ್ನ ಹಳೇ ಕುಬಸದ್ದು. ಒಳಗಡೆ ಯಾರು ನೋಡ್ತಾರ ಅಂತ ಹಚ್ಚಿದ್ದೆ."

"ಯಾರಿಗೆ ಕೊಟ್ಟಿದ್ರಿ?"

ಲಕ್ಷ್ಮೀಬಾಯಿ ಹೊರಗೆ ನಿಂತ ಗಂಡನ ಕಡೆ ನೋಡಿದರು. ಅವರು ಮುಖ ತಿರುಗಿಸಲಿಲ್ಲ.

"ವೆಂಕೋಬಣ್ಣಗ. ದ್ವಾದಶಿ ದಿನ, ಊಟ ಆದ ಮ್ಯಾಲ. ಶಾಲಿ ತಪಾಸಣಿ ಅದ, ನನ್ನ ಕೋಟು ಮೊಣಕೈ ಹರದದ, ಮಂದಿ ಮುಂದ ನಾಚಿಕಿ ಆಗತದ ವೈನಿ ಅಂದ. ಇವರ ಒಳಗಿಂದ ತಂದು ಕೊಟ್ಟರು. ಸಂಜಿಗೆ ತಿರಗಿ ಕೊಟ್ಟು ಹೋದ." ಕೋಟನ್ನು ನೋಡುತ್ತ ಅವರೇ ಅಂದರು. "ಪರೀಕ್ಷಾ ಅಂತ ಅಂದಿದ್ರ ಕೊಡ್ತಿದ್ದಿಲ್ಲೇನು? ಮೊಸರು ಸಕ್ಕರಿ ಹಾಕಿ ಕಳಸ್ತಿದ್ದೆ."

ಮೂಕಣ್ಣ ಪಂಚನಾಮೆಗೆ ಹೆಬ್ಬೆಟ್ಟು ಒತ್ತುವಾಗ ಕೇಳಿದ. "ಮಾಲು ಸಿಕ್ಕದ್ದು ಯಾರ ಮನಿಯಾಗ ಅಂತ ಬರದೀರಿ?"

"ನನ್ನ ಹೆಸರು ಬರಿ," ಎಂದರು ರಾಯರು ಹೊರಗಿನಿಂದ. "ಪೂರ್ತಿ ಬರಿ. ಹುದ್ದೆ ಸಹಿತ."

ಅಂದೇ ಮಧ್ಯಾಹ್ನ ಬಳ್ಳಾರಿಗೆ ಹೋಗಿ ಸರ್ಕಲ್ ಇನ್ಸ್‌ಪೆಕ್ಟರರ ಮುಂದೆ ಎಲ್ಲವನ್ನೂ ಇಟ್ಟರು. ಸೋಮವಾರವೇ ದೂರು ಬಂದಿತ್ತು, ತಾನು ಶುಕ್ರವಾರದವರೆಗೆ ಬರೆದುಕೊಂಡಿರಲಿಲ್ಲ ಎಂಬುದನ್ನೂ ಹೇಳಿದರು.

"ಯಾಕೆ?"

"ದೂರು ಕೊಟ್ಟವರು ಕುರಿಯವರ ಮಗ, ದೂರು ಬಂದದ್ದು ನಮ್ಮವರ ಮ್ಯಾಲ. ಅದಕ್ಕ, ಸಾರ್."

ಸರ್ಕಲ್ ಇನ್ಸ್‌ಪೆಕ್ಟರು ಕಾಗದಗಳನ್ನು ತಮ್ಮ ಕಡೆ ಎಳೆದುಕೊಂಡರು. "ಚಾರ್ಜ್‌ಶೀಟು ನಾನು ಹಾಕುತ್ತೇನೆ. ಕಾಲೇಜಿಗೆ ಇವತ್ತೇ ತಂತಿ ಕೊಡಿಸುತ್ತೇನೆ. ನೀವು ಸಾಕ್ಷಿ. ಆದರೆ ಆ ಕಂಪ್ಲಿಯ ಮಾಸ್ತರನನ್ನು ಹಿಡಿದು ತರುವುದು ಮಾತ್ರ ನೀವೇ," ಎಂದರು. ಅದು ಶಿಕ್ಷೆಯೋ ದಯೆಯೋ ರಾಯರಿಗೆ ತಿಳಿಯಲಿಲ್ಲ.

ಶನಿವಾರ ಆಗಸ್ಟ್ ಆರು. ಮೋಟಾರು ಕಂಪ್ಲಿಗೆ ಮುಟ್ಟಿದಾಗ ಹೊತ್ತು ಏರಿತ್ತು. ಕೋಟೆಯೊಳಗಿನ ಸಣ್ಣ ಮನೆ. ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಹುಡುಗಿ ತಲೆ ಎತ್ತಿ ನೋಡಿದವಳೇ ಮುಖ ಅರಳಿಸಿದಳು. ಕೊರಳಲ್ಲಿ ಹೊಸ ತಾಳಿ. ವೆಂಕೋಬನ ತಂಗಿ ಕೃಷ್ಣಾಬಾಯಿ.

"ಅವ್ವಾ, ಕಮಲಾಕರಣ್ಣ ಬಂದಾನ! ಬಾ ಅಣ್ಣ, ಕಾಫಿ ಇಡ್ತೀನಿ. ಸಂಡೂರಿಗೆ ಹೋಗಿದ್ದಿಯಂತ? ಅಲ್ಲಿಂದ ಯಾರೋ ಹೇಳಿ ಕಳಿಸಿದ್ದರು. ಕರಿಯಾಕ ಯಾವಾಗ ಬರತಾರಂತ?"

ರಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಗಾದಿಲಿಂಗಪ್ಪ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತಿದ್ದ.

ಒಳಗಿನಿಂದ ವೆಂಕೋಬ ಬಂದ. ಗಿಡ್ಡ ಮನುಷ್ಯ, ಅಂಗಿ ಇಲ್ಲ, ಹೆಗಲ ಮೇಲೆ ಪಂಚೆ. ಬಲಗೈಯ ಮೇಲೆ ಚಕ್ರದ ಗುರುತು ಕಪ್ಪಾಗಿ ಎದ್ದಿತ್ತು. ಅವನು ಗೆಳೆಯನ ಮುಖ ನೋಡಿದ, ಗಾದಿಲಿಂಗಪ್ಪನನ್ನು ನೋಡಿದ.

"ಕೋಟಿನಿಂದ ಗೊತ್ತಾತೇನು?"

"ಕೋಟಿನಿಂದ."

"ಮಸಿ ಕೊಟ್ಟವ ಹೇಳಿದನೇನು?"

"ಅವನ. ಪರೀಕ್ಷಾದಾಗ ಎರಡನೇದವನೂ ಅವನ."

ವೆಂಕೋಬ ಗೋಡೆಗೆ ಕೈ ಆನಿಸಿಕೊಂಡ. "ನಂಗ ಗೊತ್ತಿದ್ದಿಲ್ಲ. ಅಯ್ಯೋ, ಕಮಲಾಕರ, ಸೀಟು ತಪ್ಪಿದ್ದು ಮಸಿ ಕೊಟ್ಟವನಿಗಂತ ನಂಗ ಗೊತ್ತಿದ್ದಿಲ್ಲ."

"ವೆಂಕೋಬ, ನೀನೂ ಬಿ.ಎ. ಆದವ. ನಿನಗೂ ಎಲ್.ಟಿ. ಬೇಕಾಗಿತ್ತು. ನಿನ್ನ ಹೆಸರಿಲೆ ಬರದಿದ್ದರ ಇವತ್ತು ಆ ಸೀಟು ನ್ಯಾಯವಾಗಿ ನಿಂದು."

"ನಂಗ ಸೀಟು. ಕೃಷ್ಣಾಗ?"

ಕೃಷ್ಣಾಬಾಯಿ ಮೊರ ಹಿಡಿದು ನಿಂತೇ ಇದ್ದಳು. "ಏನದು? ಏನು ಮಾಡ್ಯಾನ ಇವ?"

ರಾಯರೇ ಹೇಳಿದರು. ಬೇರೆ ಯಾರೂ ಹೇಳುವಂತಿರಲಿಲ್ಲ. ಅವಳು ಪೂರಾ ಕೇಳಿ ವೆಂಕೋಬನ ಕಡೆ ತಿರುಗಿದಳು. ತಾಯಿ ಭೀಮಾಬಾಯಿ ಒಳಗಿನ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು.

"ಅಣ್ಣ, ಅವರು ಏನೂ ಕೇಳಲಿಲ್ಲ, ದೇವರಂಥ ಮಂದಿ ಅಂದಿದ್ದಿ."

"ರೊಕ್ಕ ಕೇಳಲಿಲ್ಲವ್ವಾ."

"ಊರೆಲ್ಲ ಹೇಳಿಕೊಂಡು ತಿರಗಿದೆನಲ್ಲೋ ನಾನು. ನೀರಿಗೆ ಹೋದಲ್ಲಿ, ಗುಡಿಗೆ ಹೋದಲ್ಲಿ. ನನಗ ಒಂದು ಕಾಸು ಹತ್ತಲಿಲ್ಲ, ಹಂಗ ಒಯ್ದರು ಅಂತ."

ಬೇಡಿ ಗಾದಿಲಿಂಗಪ್ಪನ ಚೀಲದಲ್ಲೇ ಉಳಿಯಿತು. "ನಡಿ, ಕಮಲಾಕರ," ಎಂದು ವೆಂಕೋಬ ಪಂಚೆ ಹೊದ್ದುಕೊಂಡು ಹೊರಟ.

"ನಿಂದ್ರು," ಎಂದಳು ಕೃಷ್ಣಾಬಾಯಿ. ಒಳಗೆ ಹೋದಳು. ಗೂಟಕ್ಕೆ ಹಾಕಿದ್ದ ಅವನ ಕೋಟು ತಂದಳು. ಬೂದಿ ಬಣ್ಣಕ್ಕೆ ತಿರುಗಿದ್ದ ಹಳೆಯ ಕೋಟು. ಎರಡೂ ಮೊಣಕೈ ಹರಿದು ಒಳಗಿನ ದಾರ ಕಾಣುತ್ತಿತ್ತು. ಅದನ್ನು ಬಿಡಿಸಿ ಹಿಡಿದಳು.

"ಇದನ್ನ ಹಾಕ್ಕೋ. ಇದು ನಿಂದು."

ಅವನು ತೋಳು ತೂರಿಸಿದ. ಆ ತೋಳು ಅವನ ಕೈಗೆ ಸರಿಯಾಗಿ ಬಂತು.

ಮೋಟಾರಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬಂದರು. ಅರ್ಧ ದಾರಿಯಲ್ಲಿ ವೆಂಕೋಬ ಹೇಳಿದ. "ನಿಶ್ಚಯದ ದಿನ ಜಯತೀರ್ಥರಾಯರು ನನ್ನನ್ನ ಹಿತ್ತಲಿಗೆ ಕರದರು. ಹುಡುಗ ಒಂದು ಸಲ ಎಲ್.ಟಿ. ಆಗಿಬಿಟ್ಟರ ಸಾಕು, ನೀವು ಓದಿದವರು, ನಿಮಗ ಅದೇನು ದೊಡ್ಡದು ಅಂದರು. ಮದುವಿ ಆದ ಮ್ಯಾಲ ಹುಡುಗಿನ್ನ ಇಲ್ಲೇ ಬಿಟ್ಟು ಹೋದರು. ನಾ ಬರದರ ಅಕಿ ಹೋಗತಾಳ, ಇಲ್ಲಂದ್ರ ಇಲ್ಲ. ಅವತ್ತು ಹಂಪಿಯೊಳಗ, ಸಾಲಿನಾಗ ನಿಂತಾಗ, ನಿನಗ ಹೇಳಿಬಿಡಬೇಕು ಅಂತ ಬಾಯಿ ತನಕ ಬಂದಿತ್ತು. ಆವಾಗ ನೀ ಅಂದಿ, ಇಂಥಾ ಬೀಗರು ಯಾರಿಗೆ ಸಿಗತಾರೋ, ವೆಂಕೋಬಾ, ಪುಣ್ಯ ಮಾಡಿದಿ ಅಂತ."

ರಾಯರಿಗೆ ಆ ಮಾತು ಆಡಿದ್ದು ನೆನಪಿತ್ತು. ಹಿಂದೆ ನಿಂತವರಿಗೂ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಆಡಿದ್ದರು.

"ಕಾದ ಚಕ್ರ ಒತ್ತಿದಾಗ," ಎಂದ ವೆಂಕೋಬ, "ಪಾಪ ಸುಡತದ ಅಂತಾರಲ್ಲ. ನಾಳೆ ಮಾಡೋ ಪಾಪಕ್ಕೂ ಇದ ಸಾಕಾಗಲಿ ಅಂತ ಕೈ ಕೊಟ್ಟೆ."

ಠಾಣೆಯಲ್ಲಿ ಪರೀಕ್ಷೆಯ ಮೇಲ್ವಿಚಾರಕರು ಬಂದು ಅವನನ್ನು ಗುರುತಿಸಿದರು. ಅವನು ಎಲ್ಲವನ್ನೂ ಒಪ್ಪಿಕೊಂಡ. ಪುರಂದರನನ್ನು ಒಪ್ಪಿಸಿ ಎಂದು ಸಂಸ್ಥಾನಕ್ಕೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ಆ ಹುಡುಗ ಹೊಳೆ ದಾಟಿ ನಿಜಾಮರ ಸೀಮೆ ಸೇರಿದ್ದ. ವೆಂಕೋಬನಿಗೆ ಆರು ತಿಂಗಳು ಸಜೆಯಾಯಿತು, ಮಾಸ್ತರಿಕೆ ಹೋಯಿತು. ಕೃಷ್ಣಾಬಾಯಿಯನ್ನು ಸಂ‌ಡೂರಿನವರು ಕರೆಯಲೂ ಇಲ್ಲ, ಹೋಗುತ್ತೇನೆಂದು ಅವಳು ಅನ್ನಲೂ ಇಲ್ಲ.

ತರಗತಿ ಶುರುವಾಗುವ ಮುಂಚೆಯೇ ಕಾಲೇಜಿನ ತಂತಿ ಬಂತು. ಗವಿಸಿದ್ದಪ್ಪ ರೈಲು ಹತ್ತುವ ದಿನ ಠಾಣೆಗೆ ಬಂದ. ಅವನ ಹಿಂದೆ ಅವನ ತಾಯಿ ಸುಂಕಮ್ಮ ಬುತ್ತಿಯ ಗಂಟು ಹೊತ್ತು ಕಟ್ಟೆಯ ಕೆಳಗೇ ನಿಂತಿದ್ದಳು.

ರಾಯರು ಎದ್ದು ನಿಂತರು. ಕುರ್ಚಿ ತೋರಿಸಿದರು. "ಕುಂದ್ರಿ. ಅಮ್ಮನ್ನೂ ಕರೀರಿ, ಕುಂದರಲಿ."

"ಬ್ಯಾಡ್ರಿ, ರೈಲಿನ ಹೊತ್ತಾತು," ಎಂದ ಗವಿಸಿದ್ದಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಬೇವಿನ ಗಿಡದ ಕೆಳಗ ಬೇಕಾದಷ್ಟು ಕುಂತೀನಿ."

ಕೈ ಮುಗಿದು ಹೋದ. ಈ ಸಲ ಕೈಯಲ್ಲಿ ನಿಂಬೆಹಣ್ಣು ಇರಲಿಲ್ಲ.

ಖಟ್ಲೆ ಮುಗಿದ ಮೇಲೆ ಕೋರ್ಟಿನಿಂದ ಕೋಟು ತಿರುಗಿ ಬಂತು. ಸಾಕ್ಷಿಗೆ ತೋರಿಸಲೆಂದು ಬಲತೋಳನ್ನು ಎರಡು ಮಡಿಕೆ ಮಡಚಿ ದಾರ ಕಟ್ಟಿದ್ದರು. ಲಕ್ಷ್ಮೀಬಾಯಿ ದಾರ ಬಿಚ್ಚಲು ಹೋದರು. ರಾಯರು ಬೇಡ ಎಂದು ಹಾಗೆಯೇ ತೆಗೆದುಕೊಂಡು ಟ್ರಂಕಿನ ತಳಕ್ಕೆ ಇಟ್ಟರು. ಆ ಚಳಿಗಾಲದಲ್ಲಿ ಅವರು ಕೋಟಿಲ್ಲದೆ ತಿರುಗಿದರು. ಕೇಳಿದವರಿಗೆ, ಅಂಥಾ ಚಳಿ ಏನದ ಎನ್ನುತ್ತಿದ್ದರು.